ಕಾಫಿಬೀಜದೊಳಗಿನ ಹೆಸರುಗಳು

ಮೂಡಿಗೆರೆಯ ತೋಟಗಳಲ್ಲಿ ಮುಂಗಾರಿಗೆ ಮುನ್ನ ಮೈಲುತುತ್ತದ ನೀರನ್ನು ಸುಣ್ಣದ ನೀರಿನೊಡನೆ ಬೆರೆಸಿ, ಎಲೆತುಕ್ಕು ರೋಗದ ತಡೆಗಾಗಿ ಕಾಫಿಗಿಡಗಳಿಗೆ ಸಿಂಪಡಿಸುವುದುಂಟು. ಆ ಮಿಶ್ರಣಕ್ಕೆ ಫ್ರಾನ್ಸಿನ ಬೋರ್ಡೋ ಪ್ರಾಂತದ ಹೆಸರು; ಮೈಲುತುತ್ತಕ್ಕಾದರೋ ನವಿಲಿನ ಹೆಸರು, ಸಂಸ್ಕೃತದಲ್ಲಿ ಮಯೂರತುತ್ಥ. ಅದೇ ನೀಲಿ ಹರಳು ಪ್ರಯೋಗಶಾಲೆಯಲ್ಲಿ ತಾಮ್ರದ ಸಲ್ಫೇಟ್ ಆದೊಡನೆ, ತೋಟದಲ್ಲಿ ಬೆಳೆದ ಹುಡುಗನಿಗೂ ಅಪರಿಚಿತವಾಗಿಬಿಡುತ್ತದೆ. ದೋಷವು ಹೆಸರಿನದಲ್ಲ, ಹೆಸರು ಹುಟ್ಟಿದ ಬಗೆಯನ್ನು ಹೇಳದೆ ಬಾಯಿಪಾಠ ಮಾಡಿಸುವ ನಮ್ಮ ಬೋಧನಕ್ರಮದ್ದು.

ಕಾಫಿಬೀಜವನ್ನೇ ನೋಡೋಣ. ೧೮೧೯ರಲ್ಲಿ ಜರ್ಮನಿಯ ಕವಿ ಗಯಟೆಯು ತರುಣ ರಸಾಯನಜ್ಞ ರುಂಗೆಯ ಕೈಗೆ ಕೆಲವು ಕಾಫಿಬೀಜಗಳನ್ನಿತ್ತು, ಪರೀಕ್ಷಿಸುವಂತೆ ಹೇಳಿದನು. ರುಂಗೆ ಬೇರ್ಪಡಿಸಿದ ಬಿಳಿಯ ವಸ್ತುವೇ ಕಾಫಿಯಿಂದ ಹೆಸರು ಪಡೆದು ಕೆಫೀನ್ ಆಯಿತು. ೧೮೨೭ರಲ್ಲಿ ಚಹದಿಂದ ದೊರೆತುದಕ್ಕೆ ಥೀನ್ ಎಂದು ಹೆಸರಿಟ್ಟರು. ೧೮೩೮ರಲ್ಲಿ ಎರಡೂ ಒಂದೇ ಎಂದು ತಿಳಿಯಿತು. ಕಾಫಿಯಲ್ಲಿರುವ ಟ್ರೈಗೊನೆಲಿನ್ ಮೊದಲು ದೊರೆತದ್ದು ನಮ್ಮ ಅಡುಗೆಮನೆಯ ಮೆಂತ್ಯದಲ್ಲಿ. ಮೆಂತ್ಯದ ಸಸ್ಯಕುಲದ ಹೆಸರು ಟ್ರೈಗೊನೆಲ್ಲ. ಕಾಫಿಯ ಎಣ್ಣೆಯಲ್ಲಿನ ಕಹ್ವಿಯಾಲ್ ಎಂಬುದರಲ್ಲಿ ಅರಬರ 'ಕಹ್ವಾ' ಉಳಿದಿದೆ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜಗಳನ್ನು ತಂದರೆಂಬ ಐತಿಹ್ಯವನ್ನು ಕೇಳಿ ಬೆಳೆದ ಚಿಕ್ಕಮಗಳೂರಿನವರಿಗೆ ಇದು ದೂರದ ಮಾತಲ್ಲ.

ಇಂಥ ಹೆಸರುಗಳನ್ನೆಲ್ಲ ಕನ್ನಡಿಸಬೇಕೆಂದು ವಾದಿಸುವವರಿದ್ದಾರೆ. ಅವರ ಭಾಷಾಭಿಮಾನಕ್ಕೆ ನಮಸ್ಕಾರ; ವಾದವನ್ನು ಮಾತ್ರ ನಾನು ಒಪ್ಪಲಾರೆ. ಹಸಿರು ಕಾಫಿಬೀಜದಲ್ಲಿ ಹೇರಳವಾಗಿರುವ ಕ್ಲೋರೊಜೆನಿಕ್ ಆಮ್ಲವನ್ನು ಅವರು ಏನೆಂದು ಕರೆದಾರು? 'ಕ್ಲೋರಿನ್‌ಜನಕ' ಎಂದರೆ ಅನರ್ಥ, ಏಕೆಂದರೆ ಅದರಲ್ಲಿ ಕ್ಲೋರಿನ್ನಿನ ಒಂದು ಪರಮಾಣುವೂ ಇಲ್ಲ. ಗ್ರೀಕರ 'ಕ್ಲೋರೋಸ್' ಎಂದರೆ ಎಳೆಹಸಿರು. ಅಮೋನಿಯದೊಡನೆ ಗಾಳಿಗೊಡ್ಡಿದಾಗ ಹಸಿರು ಬಣ್ಣ ಕೊಡುವುದರಿಂದ ಆ ಹೆಸರು ಬಂತು.

ಇದು ಬರಿಯ ಭಯವೆನ್ನುವಿರಾ? ಆಮ್ಲಜನಕ ಎಂಬ ಪದವನ್ನು ನೋಡಿ. ಎಲ್ಲ ಆಮ್ಲಗಳಿಗೂ ಈ ಅನಿಲವೇ ಮೂಲವೆಂದು ನಂಬಿ ಲವಾಸಿಯೇ ಅದಕ್ಕೆ ಆಕ್ಸಿಜನ್ ಎಂದು ಹೆಸರಿಟ್ಟನು. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೆಂಬುದನ್ನು ೧೮೧೦ರಲ್ಲಿ ಡೇವಿ ತೋರಿಸಿಕೊಟ್ಟನು. ತಪ್ಪು ತಪ್ಪೆಂದು ತಿಳಿದ ಎಷ್ಟೋ ಕಾಲದ ಮೇಲೆ ನಾವು ಅದನ್ನು ಶ್ರದ್ಧೆಯಿಂದ ಭಾಷಾಂತರಿಸಿಕೊಂಡೆವು! ಆಕ್ಸಿಜನ್ ಎಂದಾಗ ಗ್ರೀಕಿನ ಮುಸುಕಿನಲ್ಲಿ ಅಡಗಿರುವ ತಪ್ಪು, ಆಮ್ಲಜನಕ ಎಂದಾಗ ಕನ್ನಡದ ವಿದ್ಯಾರ್ಥಿಯ ಕಿವಿಗೆ ನೇರವಾಗಿ ಬೀಳುತ್ತದೆ.

ರೂಢಿಗೆ ಬಂದ ಆಮ್ಲಜನಕವನ್ನು ಈಗ ಕಿತ್ತೊಗೆಯಬೇಕೆಂದು ನಾನು ಹೇಳುವುದಿಲ್ಲ. ಅಧ್ಯಾಪಕರು ಆ ಪದವನ್ನು ಕಲಿಸುವ ದಿನವೇ ಲವಾಸಿಯೇಯ ತಪ್ಪನ್ನೂ ತಿಳಿಸಲಿ. ಕೆಫೀನ್ ಕೆಫೀನಾಗಿಯೇ ಬರಲಿ. ಕಳಸದ ಶಾಲೆಯ ಸೀಸೆಯ ಮೇಲೆ ಮಾತ್ರ, ತಾಮ್ರದ ಸಲ್ಫೇಟ್ ಎಂಬುದರ ಕೆಳಗೆ, ಮೈಲುತುತ್ತ ಎಂದೂ ಒಂದು ಚೀಟಿ ಅಂಟಿಸಿರಲಿ.