ಸೋತರೂ ಬಾಗಿಲು ತೆರೆದ ಕಮಲಾದೇವಿ

ಚುನಾವಣೆ ಬಂತೆಂದರೆ ಈ ಸಲ ಎಷ್ಟು ಹೆಣ್ಣುಮಕ್ಕಳಿಗೆ ಟಿಕೆಟ್ ಸಿಕ್ತು ಅಂತ ಲೆಕ್ಕ ಹಾಕ್ತೀವಿ. ಸುಮಾರು ನೂರು ವರ್ಷದ ಹಿಂದೆ, 1926ರಲ್ಲಿ, ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸುವ ಧೈರ್ಯ ಮಾಡಿದವರು ನಮ್ಮ ಮಂಗಳೂರಿನ ಹೆಣ್ಣುಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ಆಗ ಅವರಿಗೆ 23 ವರ್ಷ.

ಅವರ ಹೋರಾಟದ ಬೇರು ಮನೆಯಲ್ಲೇ ಇತ್ತು. ಕಮಲಾದೇವಿ ಏಳು ವರ್ಷದ ಹುಡುಗಿಯಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳ ಜೀವನಾಂಶ ಮಾತ್ರ. ಆ ತಾಯಿ ಅದನ್ನೂ ಬೇಡವೆಂದರು. ತವರಿನಿಂದ ತಂದಿದ್ದರಲ್ಲೇ ಮಕ್ಕಳನ್ನು ಸಾಕಿದರು.

ಕಮಲಾದೇವಿ ಬಾಲ್ಯದಲ್ಲೇ ವಿಧವೆಯಾದರು. ಆದರೂ ಓದು ಬಿಡಲಿಲ್ಲ. ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದರು. ಚುನಾವಣೆಗೆ ನಿಂತಾಗ ಜೊತೆಗಿದ್ದವರು ಮಾರ್ಗರೆಟ್ ಕಸಿನ್ಸ್. ಆಗ ಆಸ್ತಿ, ತೆರಿಗೆ ಇದ್ದವರಿಗಷ್ಟೇ ಮತದಾನದ ಹಕ್ಕು. ಆಸ್ತಿಯೇ ಇಲ್ಲದ ಹೆಂಗಸರು ಓಟು ಹಾಕೋದಾದರೂ ಹೇಗೆ ಹೇಳಿ? ಕಮಲಾದೇವಿ ಕೆಲವೇ ಮತಗಳಿಂದ ಸೋತರು.

ಸೋತು ಮನೆಯಲ್ಲಿ ಕೂರಲಿಲ್ಲ. ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟಲು ಊರೂರು ಸುತ್ತಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರೂ ಇರಬೇಕೆಂದು ಗಾಂಧೀಜಿಯ ಬಳಿ ವಾದಿಸಿ ಒಪ್ಪಿಸಿದರು. ಮುಂಬೈಯಲ್ಲಿ ಉಪ್ಪು ಮಾರಿ ಜೈಲಿಗೂ ಹೋದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾದರು.

ಸ್ವಾತಂತ್ರ್ಯ ಬಂದ ಮೇಲೆ ಬೇಕಿದ್ದರೆ ದೊಡ್ಡ ಕುರ್ಚಿ ಹಿಡಿಯಬಹುದಿತ್ತು. ಅವರು ಹೋದದ್ದು ದೇಶ ವಿಭಜನೆಯಿಂದ ಮನೆಮಠ ಕಳಕೊಂಡ ನಿರಾಶ್ರಿತರ ಬಳಿಗೆ. ಅವರಿಗಾಗಿ ಫರೀದಾಬಾದ್ ಊರು ಕಟ್ಟುವುದರಲ್ಲಿ ದುಡಿದರು. ಆಮೇಲೆ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ನೇಕಾರರ, ಕುಂಬಾರರ ಮನೆಬಾಗಿಲಿಗೆ ನಡೆದರು. 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂತು. 1988ರಲ್ಲಿ ತೀರಿಕೊಂಡರು.

ಗಂಡನ ಆಸ್ತಿಯಲ್ಲಿ ವಿಧವೆಗೂ ಮಕ್ಕಳ ಸಮಕ್ಕೆ ಪಾಲು ಕೊಟ್ಟದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ದೇಶಕ್ಕೆಲ್ಲ ಬಂದದ್ದು 2005ರ ತಿದ್ದುಪಡಿಯಲ್ಲಿ. ಆದರೂ ಅಣ್ಣತಮ್ಮಂದಿರ ಮುಖ ನೋಡಿಕೊಂಡು "ನನಗೇನೂ ಬೇಡಪ್ಪಾ" ಅಂತ ಸಹಿ ಹಾಕುವ ಅಕ್ಕತಂಗಿಯರು ಇವತ್ತಿಗೂ ಎಷ್ಟು ಜನ, ಅಲ್ವಾ? ಬಿಟ್ಟುಕೊಡೋದು ಅವರವರ ಇಷ್ಟ. ಆದರೆ ಬೇಡ ಅನ್ನುವ ಮೊದಲು ತನ್ನ ಪಾಲೆಷ್ಟು ಅಂತ ಕೇಳಿ ತಿಳಿದುಕೊಳ್ಳಲಿ. ಗಿರಿಜಾಬಾಯಿಗೆ ಕೇಳುವ ಹಕ್ಕೇ ಇರಲಿಲ್ಲ. ನಮಗಿದೆ.