ಬಾಟಲಿಯೊಳಗಿನ ಬಳ್ಳಿ

ಮನಿ ಪ್ಲಾಂಟನ್ನು ದುಡ್ಡು ಕೊಟ್ಟು ತರಬಾರದು, ಕೇಳಿಯೂ ತರಬಾರದು, ಯಾರಿಗೂ ಗೊತ್ತಾಗದಂತೆ ಮುರಿದುಕೊಂಡು ಬಂದರೇ ಫಲ ಎಂದು ಬಹಳ ಜನ ನಂಬುತ್ತಾರೆ. ಫಲದ ಮಾತು ಹಾಗಿರಲಿ, ಕದ್ದ ಬಳ್ಳಿ ಬದುಕುವುದಂತೂ ನಿಜ. ಕೇಳಿ ತಂದದ್ದೂ ಅಷ್ಟೇ ಚೆನ್ನಾಗಿ ಬದುಕುತ್ತದೆ! ಗುಟ್ಟಿರುವುದು ಗಿಣ್ಣಿನಲ್ಲಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗವನ್ನು ಗಮನಿಸಿ. ಅಲ್ಲಿ ಕಂದು ಬಣ್ಣದ ಸಣ್ಣ ಉಬ್ಬೊಂದು ಕಾಣುತ್ತದೆ. ಬೇರು ಹೊರಡುವುದು ಅಲ್ಲಿಂದ, ಹೊಸ ಚಿಗುರು ಒಡೆಯುವುದೂ ಆ ಗಿಣ್ಣಿನಿಂದಲೇ. ಗಿಣ್ಣಿಲ್ಲದ ಬರಿಯ ಎಲೆಯನ್ನು ನೀರಿಗಿಟ್ಟರೆ ಅದು ಬಹು ದಿನ ಹಸಿರಾಗಿದ್ದೀತು, ಬಳ್ಳಿಯಾಗದು. ವಿದ್ಯಾರ್ಥಿಗಳು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

ಬೇರು ಬಂದ ಮೇಲೆ ಬಾಟಲಿ ಓದುವ ಮೇಜಿನ ಮೇಲೆ ಕುಳಿತುಬಿಡುತ್ತದೆ. ನೀರು ಕಡಿಮೆಯಾದಾಗ ಒಂದಿಷ್ಟು ಸುರಿಯುತ್ತಾರೆ, ಹಳೆಯ ನೀರನ್ನು ಮಾತ್ರ ಚೆಲ್ಲುವುದಿಲ್ಲ. ತಪ್ಪಾಗುವುದು ಇಲ್ಲೇ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಗಿಂತ ಇಂಥ ನಿಂತ ತಿಳಿನೀರೇ ಇಷ್ಟ. ಅದು ಮೊಟ್ಟೆಯಿಡುವುದು ನೀರಿನ ಅಂಚಿಗೆ ತುಸು ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿ. ನೀರು ಒಣಗಿದರೂ ಆ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮತ್ತೆ ನೀರು ಮೇಲೇರಿ ಮುಟ್ಟಿದಾಗ ಮರಿಯಾಗುತ್ತವೆ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು ಸುಮಾರು ಏಳರಿಂದ ಹತ್ತು ದಿನ ಸಾಕು. ಹಗಲು ಹೊತ್ತು ಕಚ್ಚುವ ಸೊಳ್ಳೆ ಇದು. ಮೇಜಿನ ಕೆಳಗೆ ಕಾಲು ಇಳಿಬಿಟ್ಟು ಓದುವ ಮಗು ಅದಕ್ಕೆ ತೀರ ಹತ್ತಿರ. ಆದ್ದರಿಂದ ವಾರಕ್ಕೊಮ್ಮೆ, ಭಾನುವಾರವೆಂದೇ ಇಟ್ಟುಕೊಳ್ಳಿ, ನೀರನ್ನೆಲ್ಲ ಚೆಲ್ಲಿ ಬಾಟಲಿಯ ಒಳಮೈಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ಬರಿ ನೀರು ಬದಲಿಸಿದರೆ ಮೊಟ್ಟೆ ಹೋಗುವುದಿಲ್ಲ. ಬಾಯಿ ಕಿರಿದಾಗಿ ಬ್ರಷ್ಷು ಇಳಿಯದ ಬಾಟಲಿ ಎಷ್ಟೇ ಅಂದವಾಗಿರಲಿ, ಈ ಕೆಲಸಕ್ಕೆ ಬೇಡ.

ಇಷ್ಟು ರಗಳೆ ಏಕೆ ಎನ್ನುವವರು ಬಳ್ಳಿಯನ್ನು ಕುಂಡಕ್ಕೆ ಹಾಕಲಿ. ಕೆಂಪು ಮಣ್ಣು, ಮರಳು, ಕಳಿತ ಸಗಣಿ ಗೊಬ್ಬರ ಇದ್ದರಾಯಿತು. ತಳದಲ್ಲಿ ತೂತಿರಬೇಕು, ಕೆಳಗಿಟ್ಟ ತಟ್ಟೆಯಲ್ಲಿ ನೀರು ನಿಲ್ಲಬಾರದು. ಮೇಲಿನ ಒಂದಂಗುಲ ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ಕುಂಡದ ಬಳ್ಳಿ ಬಾಯಾರಿ ಸಾಯುವುದಕ್ಕಿಂತ ಅತಿ ನೀರಿನಿಂದ ಬೇರು ಕೊಳೆತು ಸಾಯುವುದೇ ಹೆಚ್ಚು. ಕಿಟಕಿಯ ಬಳಿ, ಬಿಸಿಲು ನೇರ ಬೀಳದ ಜಾಗ ಒಳ್ಳೆಯದು. ಮೂಲೆಯ ಕತ್ತಲೆಗೆ ತಳ್ಳಿದರೆ ಎಲೆಯ ಮೇಲಿನ ಹಳದಿ ಪಟ್ಟೆಗಳು ಕಡಿಮೆಯಾಗುತ್ತ ಬರುತ್ತವೆ. ಇನ್ನೊಂದು ಮಾತು: ಇದು ಕೆಸುವಿನ ಬಳಗದ ಸಸ್ಯ. ಬೇಯದ ಕೆಸುವಿನ ಎಲೆಯಲ್ಲಿ ಬಾಯಿ ತುರಿಸುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳಿರುತ್ತವಲ್ಲ, ಇದರಲ್ಲೂ ಅವೇ ಇವೆ. ಅಂಬೆಗಾಲಿಡುವ ಕೂಸಿಗೆ ಎಲೆ ಎಟುಕದಿರಲಿ.

ಪೆಸಿಫಿಕ್ ಸಾಗರದ ಮೊರೇಯಾ ಎಂಬ ದ್ವೀಪ ಇದರ ತವರು. ಅಲ್ಲಿ ಮರವೇರುವ ಬಳ್ಳಿ ಇದು. ನಮ್ಮಲ್ಲೂ ತೋಟದ ಮಾವಿನ ಮರಕ್ಕೋ ತೆಂಗಿಗೋ ಹಬ್ಬಿದ ಮನಿ ಪ್ಲಾಂಟನ್ನು ಕತ್ತೆತ್ತಿ ನೋಡಿ. ಒಂದೊಂದು ಎಲೆ ಮೊರದಷ್ಟಗಲ, ಅಂಚು ಸೀಳುಸೀಳು. ಬಾಟಲಿಯಲ್ಲಿ ಅಂಗೈಯಗಲದ ಎಲೆ ಬಿಡುವುದೂ ಅದೇ ಬಳ್ಳಿಯೆಂದರೆ ನಂಬುವುದು ಕಷ್ಟ. ಆಸರೆ ಹಿಡಿದು ಬೆಳಕಿನತ್ತ ಏರಿದರಷ್ಟೇ ಇದು ಪ್ರಾಯಕ್ಕೆ ಬರುತ್ತದೆ. ಮೇಜಿನ ಮೇಲಿರುವುದು ಅದರ ಬಾಲ್ಯ.

ಮರವೇರಿ ಪ್ರಾಯಕ್ಕೆ ಬಂದರೂ ಹೂವು ಮಾತ್ರ ಕಾಣಸಿಗದು. ಹೂವರಳಲು ಬೇಕಾದ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ತಯಾರಿಸುವ ಒಂದು ಜೀನು ಇದರಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲವೆಂದು ಅಮೆರಿಕದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಅವರು ಆ ಹಾರ್ಮೋನನ್ನು ಹೊರಗಿನಿಂದ ಸಿಂಪಡಿಸಿದಾಗ ಬಳ್ಳಿ ಹೂ ಬಿಟ್ಟಿತು. ಹೂವಿಲ್ಲದ ಮೇಲೆ ಬೀಜವೆಲ್ಲಿ? ಊರೂರಿನ ಕಿಟಕಿಗಳಲ್ಲಿರುವ ಮನಿ ಪ್ಲಾಂಟೆಲ್ಲ ಹೀಗೆ ಗಿಣ್ಣು ಮುರಿದು ಮನೆಯಿಂದ ಮನೆಗೆ ಬಂದದ್ದೇ, ಕೇಳಿಯೋ ಕೇಳದೆಯೋ.