ಗೂಬೆಗೆ ಅಂಜಬೇಕೆ?



“ಮಾಳಿಗೆಯ ಮೇಲೆ ಗೂಬೆ ಕುಳಿತಿತ್ತು, ಶಾಂತಿ ಮಾಡಿಸಬೇಕೆ, ಮನೆ ಬಿಡಬೇಕೆ?” ಎಂದು ಮಠಕ್ಕೆ ಬಂದು ಕೇಳುವವರು ಇಂದಿಗೂ ಉಂಟು. ಶಕುನಗಳಿಗೆ ಅಂಜಬೇಡಿರೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದರೂ ಈ ಭಯ ಅಳಿದಿಲ್ಲ. ಅಂಜುವ ಮುನ್ನ ಆ ಹಕ್ಕಿಯ ಬಾಳನ್ನು ಅರಿಯುವುದು ಲೇಸು.

ಗೂಬೆಗಳಲ್ಲಿ ಹಲವು ಜಾತಿಗಳಿವೆ. ಬಂಡೆಗುಡ್ಡದಲ್ಲಿ ವಾಸಿಸಿ, ಸುತ್ತಲಿನ ಹೊಲಗಳಲ್ಲಿ ಬೇಟೆಯಾಡುವುದು ಕೊಂಬಿನ ಗೂಬೆ. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ದೊರೆತ ಮಸ್ಕಿಯ ಗುಡ್ಡ, ಲಿಂಗಸುಗೂರು ಸೀಮೆಯ ಕಲ್ಲುನೆಲ, ಸಿಂಧನೂರಿನ ಕಾಲುವೆ ಬಯಲು ಇವೆಲ್ಲ ಅದರ ಬದುಕಿಗೆ ಒಪ್ಪುವಂಥವು.

ಒಂದೂವರೆ ಅಡಿಗೂ ಮಿಗಿಲಾದ ದೇಹ, ಕಪ್ಪು ಗೆರೆಗಳ ಕಂದು ಮೈ, ಕಿತ್ತಳೆ ವರ್ಣದ ಕಣ್ಣು, ಗರಿ ಹೊದ್ದ ಕಾಲು ಇದರ ಲಕ್ಷಣ. ತಲೆಯ ಮೇಲಿನವು ಕೊಂಬೂ ಅಲ್ಲ, ಕಿವಿಯೂ ಅಲ್ಲ, ಬರಿಯ ಗರಿಗಳು. ಕಣ್ಣುಗುಡ್ಡೆ ಹೊರಳದ ಕಾರಣ ಕುತ್ತಿಗೆಯನ್ನೇ 270 ಡಿಗ್ರಿಯವರೆಗೆ ತಿರುಗಿಸಬಲ್ಲದು. ಮೃದುವಾದ ಗರಿಯಂಚಿನಿಂದಾಗಿ ಸಪ್ಪಳವಿಲ್ಲದೆ ಹಾರಿ ಇಲಿಯ ಮೇಲೆರಗುತ್ತದೆ. ಜೀರ್ಣವಾಗದ ಎಲುಬು, ರೋಮಗಳನ್ನು ಉಂಡೆಯಾಗಿ ಉಗುಳುತ್ತದೆ. ಅಂಥ ಉಂಡೆಗಳನ್ನು ಬಿಡಿಸಿ ನೋಡಿದ ವಿದ್ವಾಂಸರಿಗೆ ಇಲಿ, ಹೆಗ್ಗಣಗಳ ಎಲುಬುಗಳೇ ಹೆಚ್ಚಾಗಿ ದೊರೆತಿವೆ.

ನವೆಂಬರಿನಿಂದ ಏಪ್ರಿಲ್‌ವರೆಗೆ ಇದರ ಸಂತಾನಕಾಲ. ಗೂಡು ಕಟ್ಟುವುದಿಲ್ಲ, ಬಂಡೆಯ ಮರೆಯ ಬರಿಮಣ್ಣಿನ ತಗ್ಗಿನಲ್ಲಿ ಎರಡರಿಂದ ನಾಲ್ಕು ಬಿಳಿಯ ಮೊಟ್ಟೆಗಳನ್ನಿಡುತ್ತದೆ. ಸುಮಾರು 35 ದಿನಗಳ ಕಾವಿನಿಂದ ಹೊರಬಂದ ಮರಿಗಳಿಗೆ ಹೆಚ್ಚುಕಡಿಮೆ ಆರು ತಿಂಗಳು ತಾಯಿತಂದೆಯರ ಆಸರೆ ಬೇಕು. ಮೊಟ್ಟೆ ನೆಲದಲ್ಲಿಯೇ ಇರುವುದರಿಂದ ಕುರಿ ಕಾಯುವವರ ಕಾಲು, ನಾಯಿಯ ಬಾಯಿ, ಹುಡುಗರ ಕುತೂಹಲ ಎಲ್ಲವೂ ಅದಕ್ಕೆ ಗಂಡಾಂತರವೇ.

ಕಲ್ಲು ಗಣಿಗಾರಿಕೆ ಅದರ ನೆಲೆಯನ್ನೇ ಒಡೆಯುತ್ತದೆ. ನಾವಿಟ್ಟ ಪಾಷಾಣ ತಿಂದ ಇಲಿಯನ್ನು ತಿಂದು ಗೂಬೆಯೂ ಸಾಯಬಹುದು. ನಿಧಿ, ಮಾಟಗಳ ದುರಾಸೆಯಿಂದ ಹಿಡಿದು ಮಾರುವವರು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇದು ಅಪರಾಧ.

ತಾಯಂದಿರೇ, ಮನೆಗೆ ಕೇಡು ತರುವುದು ಮಾಳಿಗೆಯ ಮೇಲೆ ಕುಳಿತ ಹಕ್ಕಿಯಲ್ಲ, ಕಾಳಿನ ಚೀಲ ಕೊರೆಯುವ ಇಲಿ. ಆ ಇಲಿಯನ್ನು ಹಿಡಿಯುವ ಹಕ್ಕಿಗೆ ಕಲ್ಲೆಸೆಯುವುದು ನಮ್ಮ ಅನ್ನಕ್ಕೆ ನಾವೇ ಕಲ್ಲು ಹಾಕಿಕೊಂಡಂತೆ. ಈ ಚಳಿಗಾಲದಲ್ಲಿ ಗುಡ್ಡ ಹತ್ತುವ ಮಕ್ಕಳಿಗೆ ಒಂದು ಮಾತು ಹೇಳಿ ಕಳಿಸಿರಿ: ಬಂಡೆಯ ಮರೆಯಲ್ಲಿ ಬಿಳಿಯ ಮೊಟ್ಟೆ ಕಂಡರೆ ಮುಟ್ಟದೆ ಹಿಂದಿರುಗಿ ಬನ್ನಿ.